ಪ್ರತಿಕ್ರಿಯೆ: ಏಳು ರಾತ್ರಿಗೆ ಮೂರು ಹೋಟೆಲುಗಳು ಸಾಕು
ನಮಸ್ಕಾರ. ವಯಸ್ಸಾದ ತಂದೆತಾಯಿಯೊಂದಿಗೆ ಜೂನ್‌ನಲ್ಲಿ ಕೈಗೊಳ್ಳಲಿರುವ ಏಳು ರಾತ್ರಿಗಳ ಸ್ಕಾಟ್‌ಲೆಂಡ್ ಪ್ರವಾಸಕ್ಕೆ ಐದು ಐಷಾರಾಮಿ ಹೋಟೆಲುಗಳು ಸರಿಯೇ ಎಂದು ಕೇಳಿದ್ದೀರಿ. ದಯವಿಟ್ಟು ಮೂರಕ್ಕೆ ಇಳಿಸಿ; ದಿನ ಬಿಟ್ಟು ದಿನ ಪೆಟ್ಟಿಗೆ ಕಟ್ಟುವುದು ಹಿರಿಯರಿಗೆ ನಿಜಕ್ಕೂ ಆಯಾಸ.

ಮೊದಲ ಎರಡು ರಾತ್ರಿ ಎಡಿನ್‌ಬರದ ಬಾಲ್ಮೋರಲ್‌ನಲ್ಲಿ ತಂಗಿ. 1902ರಲ್ಲಿ ಆರಂಭವಾದ ಈ ಹೋಟೆಲಿನ ಗೋಪುರದ ಗಡಿಯಾರವನ್ನು, ಪಕ್ಕದ ವೇವರ್ಲಿ ನಿಲ್ದಾಣಕ್ಕೆ ಧಾವಿಸುವವರಿಗೆ ರೈಲು ತಪ್ಪದಿರಲೆಂದು, ಮೂರು ನಿಮಿಷ ಮುಂದಿಟ್ಟಿರುತ್ತಾರೆ. ಹೊಸ ವರ್ಷದ ಹಿಂದಿನ ರಾತ್ರಿ ಮಾತ್ರ ಅದು ಸರಿಯಾದ ಸಮಯ ತೋರಿಸುತ್ತದೆ. ಮುಂದಿನ ಎರಡು ರಾತ್ರಿಗೆ ಬ್ರೇಮಾರ್‌ನ ಫೈಫ್ ಆರ್ಮ್ಸ್. ಕಲಾಸಕ್ತರಿಗೆ ಅದು ಹಬ್ಬ. ಉಳಿದ ಮೂರನ್ನು, 1873ರಲ್ಲಿ ವಿಕ್ಟೋರಿಯಾ ರಾಣಿ ತಂಗಿದ್ದ, ಬೆನ್ ನೆವಿಸ್ ಬೆಟ್ಟದ ಬಳಿಯ ಇನ್ವರ್‌ಲಾಕಿ ಕ್ಯಾಸಲ್‌ಗೆ ಮೀಸಲಿಡಿ. ಹಳೆಯ ಕಟ್ಟಡಗಳಾದ್ದರಿಂದ ಲಿಫ್ಟ್ ಸೌಲಭ್ಯವನ್ನೂ ಸಸ್ಯಾಹಾರದ ಏರ್ಪಾಟನ್ನೂ ಕೋಣೆ ಕಾಯ್ದಿರಿಸುವ ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಿ.