ಅಂಗುಳ ಕೂಡದೆ ಉಳಿಯುವುದು ಯಾವ ಹಂತದಲ್ಲಿ?

ಪ್ರಶ್ನೆ: ನನ್ನ ಮಗಳಿಗೆ ಎರಡು ತಿಂಗಳು. ತುಟಿ ಸರಿಯಿದೆ, ಅಂಗುಳದ ಹಿಂಭಾಗ ಸೀಳಿದೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಏನೂ ಕಂಡಿರಲಿಲ್ಲ. ಏಳನೇ ತಿಂಗಳಲ್ಲಿ, ಗ್ರಹಣದ ದಿನ ತರಕಾರಿ ಹೆಚ್ಚಿದ್ದೇ ಕಾರಣ ಎನ್ನುತ್ತಾರೆ ಅತ್ತೆ. ನಿಜಕ್ಕೂ ಆಗಿದ್ದೇನು? ಮುಂದಿನ ಮಗುವಿಗೂ ಹೀಗಾಗುತ್ತದೆಯೇ?

ಉತ್ತರ: ಏಳನೇ ತಿಂಗಳಲ್ಲಿ ನೀವು ಮಾಡಿದ ಯಾವುದೂ ಇದಕ್ಕೆ ಕಾರಣವಾಗಿರಲು ಸಾಧ್ಯವೇ ಇಲ್ಲ. ಭ್ರೂಣಕ್ಕೆ 12 ವಾರ ತುಂಬುವಷ್ಟರಲ್ಲಿ ಅಂಗುಳ ಕೂಡಿ ಮುಗಿದಿರುತ್ತದೆ. ಇದನ್ನು ಅತ್ತೆಯವರಿಗೂ ಓದಿ ಹೇಳಿ.

ಆರನೇ ವಾರದ ಹೊತ್ತಿಗೆ ಮೇಲ್ದವಡೆಯ ಎರಡೂ ಬದಿಯಿಂದ ಒಂದೊಂದು ಚಾಚು ಹುಟ್ಟಿ, ನಾಲಿಗೆಯ ಪಕ್ಕದಲ್ಲಿ ಕೆಳಮುಖವಾಗಿ ಬೆಳೆಯುತ್ತದೆ. ಚಾಚಿನ ಒಳಗಿನ ಜೀವಕೋಶಗಳು ಎಫ್‌ಜಿಎಫ್-10 ಎಂಬ ಪ್ರೋಟೀನ್ ಸ್ರವಿಸುತ್ತವೆ. ಅದನ್ನು ಗ್ರಹಿಸಿದ ಹೊರಪದರ ಸೋನಿಕ್ ಹೆಡ್ಜ್‌ಹಾಗ್ ಎಂಬ ಇನ್ನೊಂದು ಪ್ರೋಟೀನನ್ನು ಒಳಕ್ಕೆ ಕಳಿಸುತ್ತದೆ. ಒಳಗಿನ ಕೋಶಗಳು ವಿಭಜಿಸಿ ಹೆಚ್ಚುವುದು ಆಗಲೇ. ಈ ಕೊಡುಕೊಳ್ಳುವಿಕೆ ತಪ್ಪಿದ ಇಲಿಗಳಲ್ಲಿ ಚಾಚುಗಳು ಗಿಡ್ಡವಾಗಿಯೇ ಉಳಿದು ಅಂಗುಳ ಸೀಳುತ್ತದೆ.

ಎಂಟನೇ ವಾರದ ಸುಮಾರಿಗೆ ನಾಲಿಗೆ ಕೆಳಗಿಳಿಯುತ್ತದೆ, ಚಾಚುಗಳು ಮೇಲೆದ್ದು ಅಡ್ಡವಾಗುತ್ತವೆ. ಕೆಳದವಡೆ ತೀರಾ ಚಿಕ್ಕದಾಗಿದ್ದರೆ ನಾಲಿಗೆ ನಡುವೆಯೇ ಉಳಿದು ದಾರಿ ಕಟ್ಟುತ್ತದೆ. ಮಗುವಿನ ಗದ್ದ ಒಳಸರಿದಿದ್ದು, ಅಂಗಾತ ಮಲಗಿಸಿದಾಗ ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ನಾವು ಹೆಚ್ಚು ಸೋಜಿಗಪಡುವುದು ಕೊನೆಯ ಹಂತಕ್ಕೆ. ಚಾಚುಗಳು ಅಕಾಲದಲ್ಲಿ ನಾಲಿಗೆಗೆ ಅಂಟಿಕೊಳ್ಳದಂತೆ ಅವುಗಳ ಮೇಲೊಂದು ತೆಳುಪೊರೆ ಇರುತ್ತದೆ. ಇದು ಸರಿಯಾಗಿ ರೂಪುಗೊಳ್ಳಲು ಐಆರ್‌ಎಫ್-6 ಜೀನ್ ಬೇಕು. ಅಂಚುಗಳು ಹತ್ತಿರವಾದಾಗ ಟಿಜಿಎಫ್ ಬೀಟಾ-3 ಎಂಬ ಪ್ರೋಟೀನಿನ ಸಂಕೇತದಿಂದ ಅಲ್ಲಿನ ಪೊರೆ ಕಳಚುತ್ತದೆ, ಅಂಚುಗಳು ಅಂಟಿ ಹೊಲಿಗೆಯಂಥ ಗೆರೆ ಮೂಡುತ್ತದೆ, ಆ ಗೆರೆಯ ಕೋಶಗಳೂ ಅಳಿದು ಎರಡು ಬದಿ ಒಂದಾಗುತ್ತವೆ. ಟಿಜಿಎಫ್ ಬೀಟಾ-3ರ ಜೀನ್ ತೆಗೆದ ಇಲಿಗಳ ವಿವರ ಪ್ರಕಟವಾದದ್ದು 1995ರಲ್ಲಿ: ಚಾಚುಗಳು ಬೆಳೆದವು, ಎದ್ದವು, ಪರಸ್ಪರ ತಾಗಿದವು, ಆದರೂ ಬೆಸೆಯಲಿಲ್ಲ.

ತುಟಿ ಇದಕ್ಕೂ ಮೊದಲೇ ಬೇರೆ ಭಾಗಗಳಿಂದ ಕೂಡಿರುತ್ತದೆ. ಕಿರುನಾಲಿಗೆಯ ಕಡೆ ಬೆಸುಗೆ ಬೀಳುವುದು ಎಲ್ಲಕ್ಕಿಂತ ಕೊನೆಗೆ. ನಿಮ್ಮ ಮಗಳ ತುಟಿ ಸರಿಯಿದ್ದು ಹಿಂಭಾಗ ಮಾತ್ರ ಸೀಳಿರುವುದು ಹೀಗೆ. ಹೆಣ್ಣು ಭ್ರೂಣದಲ್ಲಿ ಈ ಕೆಲಸ ಸುಮಾರು ಒಂದು ವಾರ ತಡ. ಅಂಗುಳ ಮಾತ್ರ ಸೀಳುವುದು ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿರಲು ಅದೂ ಒಂದು ಕಾರಣವಿರಬಹುದು. ಸುತ್ತಲಿನ ಮೂಳೆಗಳ ನೆರಳಿನಿಂದಾಗಿ ಇಂಥ ಸೀಳು ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣುವುದಿಲ್ಲ.

ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ. ಕಿವಿಯೊಳಗೆ ದ್ರವ ನಿಲ್ಲುವುದು ಈ ಮಕ್ಕಳಲ್ಲಿ ತೀರಾ ಸಾಮಾನ್ಯ, ಶ್ರವಣ ಪರೀಕ್ಷೆಯನ್ನು ಈಗಲೇ ಮಾಡಿಸಿ.

ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 2ರಿಂದ 5. ಮೂರ್ಛೆರೋಗದ ವಾಲ್‌ಪ್ರೊಯೇಟ್, ಟೋಪಿರಮೇಟ್ ಔಷಧಿಗಳು ಸೀಳಿನ ಸಾಧ್ಯತೆ ಹೆಚ್ಚಿಸಬಲ್ಲವು; ಅವನ್ನು ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ಗರ್ಭ ಧರಿಸುವ ಮೊದಲೇ ವೈದ್ಯರೊಂದಿಗೆ ಮಾತಾಡಿ. ನಿಮ್ಮ, ಪತಿಯ ಮತ್ತು ಮಗುವಿನ ಕೆಳತುಟಿಯನ್ನೂ ಬೆಳಕಿನಲ್ಲಿ ನೋಡಿ. ನಡುಗೆರೆಯ ಅಕ್ಕಪಕ್ಕ ಪುಟ್ಟ ಗುಳಿಗಳಿದ್ದರೆ ಅದು ಐಆರ್‌ಎಫ್-6 ದೋಷದ ಗುರುತಾಗಿರಬಹುದು. ತಂದೆ ಅಥವಾ ತಾಯಿಯಲ್ಲಿ ಆ ದೋಷವಿದ್ದರೆ ಅದು ಪ್ರತಿ ಮಗುವಿಗೂ ದಾಟುವ ಸಾಧ್ಯತೆ ನೂರಕ್ಕೆ 50. ಹಾಗಿದ್ದಲ್ಲಿ ತಳಿತಜ್ಞರನ್ನು ಕಾಣಬೇಕು.