ಬಣ್ಣ ಬದಲಿಸಬೇಡಿ, ಮೊದಲು ಲೇಸರ್ ಪವರ್ ಅರ್ಧ ಮಾಡಿ ನೋಡಿ

ಕ್ಯೂವೆಟ್‌ನಲ್ಲಿ (ದ್ರಾವಣ ತುಂಬುವ ಪುಟ್ಟ ಪಾರದರ್ಶಕ ಪಾತ್ರೆ) ಮಧ್ಯಾಹ್ನವಿಡೀ ಹೊಳೆಯುವ ಸೈ5 (ಬೆಳಕು ಬಿದ್ದರೆ ಹೊಳೆಯುವ ಬಣ್ಣ), ಒಂಟಿ ಅಣುವಿನ ಪ್ರಯೋಗದಲ್ಲಿ ಹತ್ತೇ ಸೆಕೆಂಡಿಗೆ ಆರಿಹೋಗುತ್ತದೆ, ಬೇರೆ ಯಾವ ಬಣ್ಣ ತರಿಸಲಿ ಅಂತ ಕೇಳಿದ್ದೀರಿ. ಪಿಎಚ್‌ಡಿಯ ಎರಡನೇ ವರ್ಷ ನನ್ನದೂ ಇದೇ ಗೋಳು.

ನನ್ನ ಪ್ರಯೋಗ ಇದು: ಸೈ3, ಸೈ5 ಎಂಬ ಎರಡು ಬಣ್ಣ ಅಂಟಿಸಿದ ಡಿಎನ್‌ಎ, ಅದರ ಎಳೆಗಳನ್ನು ಬಿಚ್ಚುವ ಹೆಲಿಕೇಸ್ ಎಂಬ ಕಿಣ್ವ. ಲೇಸರ್ ಬೀಳುವುದು ಸೈ3ಗೆ; ಎರಡು ಬಣ್ಣ ಹತ್ತಿರವಿದ್ದರೆ ಆ ಶಕ್ತಿ ಸೈ5ಗೆ ದಾಟಿ (ಇದೇ ಫ್ರೆಟ್) ಸೈ5 ಬೆಳಗುತ್ತದೆ. ಎಳೆ ಬಿಚ್ಚಿಕೊಂಡರೆ ಸೈ5 ಆರಿ ಸೈ3 ಏರುತ್ತದೆ. ನನಗೆ ಕಂಡಿದ್ದೂ ಅದೇ: ಒಂದೇ ಮೆಟ್ಟಿಲಲ್ಲಿ ಸೈ5 ಸೊನ್ನೆಗಿಳಿದು, ಅದೇ ಗಳಿಗೆಗೆ ಸೈ3 ಮೇಲೇಳುತ್ತಿತ್ತು. ಆದರೆ ಸೈ5 ಬ್ಲೀಚ್ ಆದರೂ, ಅಂದರೆ ಬೆಳಕಿನ ಹೊಡೆತಕ್ಕೆ ಶಾಶ್ವತವಾಗಿ ಕೆಟ್ಟರೂ, ಗ್ರಾಫ್ ಹೀಗೇ ಕಾಣುತ್ತದೆ! ಶಕ್ತಿ ಪಡೆಯುವವನು ಸತ್ತರೆ ಕೊಡುವವನೇ ಬೆಳಗುತ್ತಾನೆ. ಬಿಚ್ಚಿದ ಎಳೆ ಮರಳಿ ಕೂಡುವುದಿಲ್ಲವಾದ್ದರಿಂದ ಸೈ5 ಮತ್ತೆ ಹೊತ್ತದಿದ್ದರೂ ಅನುಮಾನ ಬರಲಿಲ್ಲ. ಹೆಲಿಕೇಸ್ ಇಲ್ಲದ ಕಂಟ್ರೋಲನ್ನು ಬರೀ ಐದು ಸೆಕೆಂಡು ಚಿತ್ರೀಕರಿಸಿದ್ದೆ, ಬ್ಲೀಚಿಂಗ್ ಕಣ್ಣಿಗೆ ಬೀಳಲು ಅದು ಸಾಲದು. ನೂರಾರು ಅಣುಗಳ ಸಮಯ ಕೂಡಿಸಿದರೆ ಚೆಂದದ ಎಕ್ಸ್‌ಪೊನೆನ್ಷಿಯಲ್ (ಮೊದಲು ಬೇಗ, ಆಮೇಲೆ ನಿಧಾನವಾಗಿ ಇಳಿಯುವ ಗೆರೆ) ಬಂತು, ಅದಕ್ಕೆ ಬಿಚ್ಚುವ ವೇಗ ಅಂತ ಹೆಸರಿಟ್ಟೆ. ಬ್ಲೀಚಿಂಗ್‌ನ ಸಮಯಗಳೂ ಎಕ್ಸ್‌ಪೊನೆನ್ಷಿಯಲ್ಲೇ. ಏಳು ತಿಂಗಳಾದ ಮೇಲೆ ಸೀನಿಯರ್ ಒಬ್ಬರು ಲೇಸರ್ ಅರ್ಧ ಮಾಡಿಸಿದರು. "ಬಿಚ್ಚುವ ವೇಗ"ವೂ ಅರ್ಧವಾಯಿತು. ಹೆಲಿಕೇಸ್‌ಗೆ ನನ್ನ ಲೇಸರ್ ಎಷ್ಟಿದೆ ಅಂತ ಹೇಗೆ ಗೊತ್ತಾಗಬೇಕು? ಅಂದು ಸಂಜೆ ಲ್ಯಾಬಿನಲ್ಲಿ ಕೂತು ಅತ್ತೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ಯೂವೆಟ್‌ನಲ್ಲಿ ಬೆಳಕು ಮಂದ, ಅದು ಬೀಳುವುದೂ ದ್ರಾವಣದ ಒಂದು ಭಾಗಕ್ಕೆ ಮಾತ್ರ; ಬ್ಲೀಚ್ ಆದ ಅಣುಗಳ ಜಾಗಕ್ಕೆ ಹೊಸವು ಬರುತ್ತಲೇ ಇರುತ್ತವೆ. ಗಾಜಿಗೆ ಅಂಟಿದ ಒಂಟಿ ಅಣುವಿಗೆ ಬದಲಿ ಯಾರೂ ಇಲ್ಲ. ಸೆಕೆಂಡು ಎಣಿಸಬೇಡಿ, ಫೋಟಾನ್ ಎಣಿಸಿ: ಉದಾಹರಣೆಗೆ, ಫ್ಲೋರೆಸೀನ್ ಎಂಬ ಇನ್ನೊಂದು ಬಣ್ಣದ ಅಣು ಸಾಯುವ ಮುನ್ನ ಸರಾಸರಿ 30,000ದಿಂದ 40,000 ಫೋಟಾನ್ ಕೊಡುತ್ತದೆ. ಅವಸರದಲ್ಲಿ ಖರ್ಚು ಮಾಡಿಸುತ್ತಿರುವವರು ನೀವು.

ಬ್ಲೀಚಿಂಗ್‌ಗೆ ಕಾರಣವಾಗುವ ಆಕ್ಸಿಜನ್ ತೆಗೆಯಲು ಗ್ಲೂಕೋಸ್ ಆಕ್ಸಿಡೇಸ್, ಕ್ಯಾಟಲೇಸ್ ಕಿಣ್ವಗಳನ್ನು ಹಾಕಿ, ಜೊತೆಗೆ ಟ್ರೋಲಾಕ್ಸ್ ಇರಲೇಬೇಕು. ಟ್ರಿಪ್ಲೆಟ್ ಸ್ಥಿತಿಗೆ (ಹೊಳೆಯದೆ ಸಿಕ್ಕಿಕೊಳ್ಳುವ ಸ್ಥಿತಿ) ಸಿಕ್ಕ ಅಣುವನ್ನು ಬಿಡಿಸುತ್ತಿದ್ದುದೂ ಆಕ್ಸಿಜನ್ನೇ, ಅದಿಲ್ಲದಿದ್ದರೆ ಸೈ5 ಮಿಣುಕಲು ಶುರುಮಾಡುತ್ತದೆ; ಆ ಬಿಡಿಸುವ ಕೆಲಸ ಟ್ರೋಲಾಕ್ಸ್‌ನದು. ಚೇಂಬರ್ ಸೀಲ್ ಮಾಡಿ, ಇಲ್ಲದಿದ್ದರೆ ಗಾಳಿಯ ಆಕ್ಸಿಜನ್ ಒಳಬಂದು, ಕಿಣ್ವದ ಕೆಲಸದಿಂದ ಗ್ಲುಕೋನಿಕ್ ಆಮ್ಲ ಸೇರುತ್ತಾ ಪಿಎಚ್ ಇಳಿಯುತ್ತದೆ. ಪ್ರತಿ ಮೂವಿಯ ಕೊನೆಗೆ ಕೆಂಪು ಲೇಸರನ್ನು ನೇರ ಸೈ5 ಮೇಲೆ ಹಾಯಿಸಿ. ಬಿಚ್ಚಿದ ಮೇಲೂ ಸೈ5 ಗಾಜಿನ ಮೇಲೇ ಉಳಿಯುವಂತೆ ಡಿಎನ್‌ಎ ಕಟ್ಟಿದ್ದರೆ, ಹೊಳೆದ ಅಣುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.