ರಸೀದಿ ಕೇಳಿದರೆ ದಾನ ಕೆಡುವುದಿಲ್ಲ

ಓದುಗರ ಪತ್ರ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತಾರೆ. ಈಗಿನವರು ಮೊದಲು ರಸೀದಿ ಕೇಳುತ್ತಾರೆ, ಆಮೇಲೆ ಜೇಬಿಗೆ ಕೈ ಹಾಕುತ್ತಾರೆ. ನಾನು ಯಾವತ್ತೂ ರಸೀದಿ ಪಡೆದವನಲ್ಲ. ತೆರಿಗೆ ರಿಯಾಯಿತಿ ತೆಗೆದುಹಾಕಿದರೆ ನಿಜವಾದ ದಾನಿಗಳಷ್ಟೇ ಉಳಿಯುತ್ತಾರೆ, ಅಲ್ವಾ?

ಸಂಪಾದಕರ ಉತ್ತರ: ಸದ್ದಿಲ್ಲದೆ ಕೊಡುವ ನಿಮ್ಮ ಮನಸ್ಸು ದೊಡ್ಡದು. ಆದರೆ ಕೊನೆಯ ಮಾತನ್ನು ನಾನು ಒಪ್ಪಲಾರೆ. ನಿಜವಾದ ದಾನಿಗಳಷ್ಟೇ ಉಳಿದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರಿಗೆ ಏನು ಸಿಕ್ಕಿತು? ಕೊಟ್ಟವರ ಮನಸ್ಸು ಎಷ್ಟು ಶುದ್ಧ ಅಂತ ಅವರು ಕೇಳುವುದಿಲ್ಲ. ಔಷಧಿ ಬಂತೋ ಇಲ್ಲವೋ, ಅಷ್ಟೇ ಕೇಳುತ್ತಾರೆ.

1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಶ್ರೀಮಂತರ ಮೇಲಿನ ಗರಿಷ್ಠ ತೆರಿಗೆ ಶೇ. 67ಕ್ಕೆ ಏರಿತು. ಇನ್ನು ಕಾಲೇಜುಗಳಿಗೆ ಯಾರು ಕೊಡುತ್ತಾರೆ ಎಂಬ ಚಿಂತೆ ಎದ್ದಿತು. ಆದಾಯದ ಶೇ. 15ರವರೆಗಿನ ದಾನಕ್ಕೆ ತೆರಿಗೆ ಬೇಡ ಎಂದು ಆಗಲೇ ಕಾನೂನು ಮಾಡಿದರು. ಶ್ರೀಮಂತರ ಒಳ್ಳೆಯತನವನ್ನೇ ನಂಬಿ ಸುಮ್ನೆ ಕೂರಲಿಲ್ಲ.

ರಿಯಾಯಿತಿ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಅಲ್ಲೇ ಇದೆ. ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ ಅಲ್ಲಿ ದಾನದ ರಿಯಾಯಿತಿ ಸಿಗುತ್ತಿತ್ತು. 2018ರಿಂದ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೊಡದೆಯೇ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ, ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಹಾಗೆ ಬಿಡಿಯಾಗಿ ತೋರಿಸುವವರು ಸುಮಾರು ಶೇ. 30ರಿಂದ ಶೇ. 10ರ ಆಸುಪಾಸಿಗೆ ಇಳಿದರು. ದಾನವೂ ಕುಗ್ಗಿತೆಂದು ಅಧ್ಯಯನಗಳು ಹೇಳುತ್ತವೆ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಉಳಿದವರಿಗೂ 300 ಡಾಲರ್‌ವರೆಗೆ ರಿಯಾಯಿತಿ ಕೊಟ್ಟರು. ಆ ವರ್ಷದ ಡಿಸೆಂಬರ್ 31ರಂದು ಸರಿಯಾಗಿ 300 ಡಾಲರ್‌ನ ದಾನಗಳು ಶೇ. 28ರಷ್ಟು ಏರಿದವು! ಇವರೆಲ್ಲ ಸುಳ್ಳು ದಾನಿಗಳೇ? ಕೊಡುವ ಮನಸ್ಸು ಇತ್ತು, ನಾಳೆ ನೋಡೋಣ ಅಂದುಕೊಂಡಿದ್ದರು. ವರ್ಷದ ಕೊನೆಯ ದಿನ ಆ 'ನಾಳೆ'ಗೆ ಜಾಗ ಇರಲಿಲ್ಲ.

ಒಂದು ಮಾತು ಒಪ್ಪುತ್ತೇನೆ. ಜಾಸ್ತಿ ತೆರಿಗೆ ಕಟ್ಟುವವರಿಗೇ ಜಾಸ್ತಿ ಉಳಿತಾಯ. ತೆರಿಗೆಯೇ ಇಲ್ಲದ ಬಡವರು ಕೊಟ್ಟರೆ ಏನೂ ವಾಪಸ್ ಬರುವುದಿಲ್ಲ.

ದಾನಿಗೆ ಉಳಿತಾಯ ಕೊಡುವ ಈ ಪದ್ಧತಿಗಿಂತ ನನಗೆ ಬ್ರಿಟನ್ನಿನ ಗಿಫ್ಟ್ ಏಡ್ ಇಷ್ಟ. ಅಲ್ಲಿ ನೀವು 80 ಪೌಂಡ್ ಕೊಟ್ಟು ಒಂದು ಘೋಷಣೆ ಬರೆದುಕೊಟ್ಟರೆ, ನೀವು ಕಟ್ಟಿದ ತೆರಿಗೆಯಿಂದ ಸಂಸ್ಥೆಯೇ ಇನ್ನೂ 20 ಪೌಂಡ್ ಪಡೆಯುತ್ತದೆ. 1990ರಲ್ಲಿ ಶುರುವಾದಾಗ ಇದು ದೊಡ್ಡ ಮೊತ್ತಗಳಿಗೆ ಮಾತ್ರ ಇತ್ತು. 2000ದಲ್ಲಿ ಆ ಕನಿಷ್ಠ ಮಿತಿ ತೆಗೆದರು, ಸಣ್ಣ ದಾನಿಗೂ ಬಾಗಿಲು ತೆರೆಯಿತು. ಕ್ಯಾಥರೀನ್ ಎಕೆಲ್ ಮತ್ತು ಫಿಲಿಪ್ ಗ್ರಾಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬೆಂಬಲ ಕೊಡುತ್ತದೆ. ದಾನಿಗೆ ಒಂದಷ್ಟು ಹಣ ವಾಪಸ್ ಕೊಡುವುದಕ್ಕಿಂತ, ಅದೇ ಲೆಕ್ಕದಲ್ಲಿ ದಾನಕ್ಕೆ ಹಣ ಸೇರಿಸಿದಾಗ ಸಂಸ್ಥೆಗಳ ಕೈಗೆ ಹೆಚ್ಚು ಬಂತು. ನಿಮ್ಮಂಥವರಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಇದು. ಆ 20 ಪೌಂಡ್‌ನಲ್ಲಿ ನಿಮ್ಮ ಜೇಬಿಗೆ ಒಂದು ಕಾಸೂ ಬರುವುದಿಲ್ಲ.

ನನ್ನ ಸಿಟ್ಟು ಬೇರೆ ಕಡೆಗಿದೆ. ರಸೀದಿ ಕೇಳಿದವರನ್ನು ಎಲ್ಲರೂ ಬೈಯುತ್ತಾರೆ, ಏನೂ ಕೊಡದವರನ್ನು ಯಾರೂ ಕೇಳುವುದಿಲ್ಲ. ಕೊಟ್ಟ ಹಣವೆಲ್ಲ ಮಕ್ಕಳಿಗೇ ಹೋಗಬೇಕು ಅನ್ನುತ್ತೇವೆ. ಆ ಸಂಸ್ಥೆಯ ಲೆಕ್ಕ ಬರೆಯುವವರಿಗೆ ಸಂಬಳ ಯಾರು ಕೊಡಬೇಕು? ದೊಡ್ಡ ಸಂಸ್ಥೆಗಳು ಆಡಿಟರ್‌ಗಳನ್ನು ಇಟ್ಟುಕೊಂಡು ಈ ರಿಯಾಯಿತಿಗೆ ಬೇಕಾದ ಫಾರಂ ತುಂಬಿಸುತ್ತವೆ. ನಾಲ್ಕು ಜನ ಸೇರಿ ನಡೆಸುವ ಶಾಲೆಯವರು ಪಾಠ ಮುಗಿಸಿ ರಾತ್ರಿ ಕೂತು ಅದೇ ಫಾರಂ ತುಂಬಬೇಕು. ನಿಯಮ ಬರೆಯುವವರು ಅವರನ್ನು ಒಂದು ಮಾತು ಕೇಳಿದ್ದಾರಾ?

ಮುಂದಿನ ಸಲ ಕೊಡುವಾಗ ದಯವಿಟ್ಟು ರಸೀದಿ ತೆಗೆದುಕೊಳ್ಳಿ. ತೆರಿಗೆಯಲ್ಲಿ ಉಳಿದದ್ದನ್ನು ಅದೇ ಸಂಸ್ಥೆಗೆ ಮತ್ತೆ ಕೊಡಿ. ಬೇಕಿದ್ದರೆ ದಾನಿಗಳ ಪಟ್ಟಿಯಲ್ಲಿ ಹೆಸರು ಹಾಕಬೇಡಿ ಅಂತ ಅವರಿಗೆ ಹೇಳಿ, ಹಾಕುವುದಿಲ್ಲ.